ಡಿಕ್ಕಿಯೋ, ಹಿಡಿತವೋ?

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡಿನ ಆಟವಾದರೂ ಅದರಲ್ಲಿ ಆಟಗಾರನು ಚೆಂಡನ್ನು ತೋಳಿನಲ್ಲಿ ಅವಚಿಕೊಂಡು ಎದುರಾಳಿಗಳ ಗಡಿಗೆರೆಯತ್ತ ಓಡುತ್ತಾನೆ. ಎದುರು ಪಕ್ಷದ ಹನ್ನೊಂದು ಮಂದಿ ಅವನನ್ನು ಹಿಡಿದು ನೆಲಕ್ಕೆ ಕೆಡಹಲು ಯತ್ನಿಸುತ್ತಾರೆ. ಈ ಕೆಡಹುವಿಕೆಗೆ ‘ಟ್ಯಾಕಲ್’ ಎಂದು ಹೆಸರು. ಕೈಗೆ ಸಿಕ್ಕ ಓಟಗಾರನು ನುಣುಚಿಕೊಂಡು ಹೋದಾಗಲೆಲ್ಲ ಅಭಿಮಾನಿಗಳಿಗಾಗುವ ಸಂಕಟ ಅಷ್ಟಿಷ್ಟಲ್ಲ. ‘ಇನ್ನೂ ಬಲವಾಗಿ ಗುದ್ದಬಾರದೇ!’ ಎಂದು ಅವರು ಕೂಗುವುದುಂಟು. ಅವರ ಕೋಪವೇನೋ ಸಹಜವಾದುದೇ. ಆದರೆ ಅವರ ಸಲಹೆ ಸರಿಯಾದುದೇ ಎಂಬುದನ್ನು ನಾವು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

2011ರ ಜನವರಿ 8ರಂದು ಸಿಯಾಟಲ್ ನಗರದಲ್ಲಿ ಸೀಹಾಕ್ಸ್ ತಂಡಕ್ಕೂ, ಅದರ ಹಿಂದಿನ ಋತುವಿನಲ್ಲಿ ಚಾಂಪಿಯನ್ ಆಗಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೂ ಪಂದ್ಯ ನಡೆಯಿತು. ಆಟ ಮುಗಿಯಲು ನಾಲ್ಕು ನಿಮಿಷಕ್ಕೂ ಕಡಿಮೆ ಕಾಲವಿದ್ದಾಗ ಸಿಯಾಟಲ್ಲಿನ ಮಾರ್ಷಾನ್ ಲಿಂಚ್ 67 ಗಜ ಓಡಿ ಗೆರೆ ಮುಟ್ಟಿದರು. ದಾರಿಯಲ್ಲಿ ಒಂಬತ್ತು ಟ್ಯಾಕಲ್‌ಗಳು ವ್ಯರ್ಥವಾದವು. ಮೇಲೆ ಬಿದ್ದ ಒಬ್ಬನನ್ನಂತೂ ಅವರು ಒಂದೇ ಕೈಯಿಂದ ತಳ್ಳಿ ಉರುಳಿಸಿದರು. ಪ್ರೇಕ್ಷಕರ ಕುಣಿತದಿಂದ ಉಂಟಾದ ಕಂಪನವು ಸಮೀಪದ ಭೂಕಂಪಮಾಪಕದಲ್ಲಿಯೂ ದಾಖಲಾಯಿತು. ಸೇಂಟ್ಸ್ ತಂಡ 36-41ರಿಂದ ಸೋತಿತು. ಚಾಂಪಿಯನ್ನರೆನಿಸಿದವರು ಒಬ್ಬನನ್ನು ಕೆಡಹಲಾರದೆ ಹೋದುದು ಹೇಗೆ?

ಲಿಂಚರ ತೂಕ ಸುಮಾರು 98 ಕಿಲೋಗ್ರಾಂ. ಅಷ್ಟು ತೂಕದ ಓಟಗಾರನು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಧಾವಿಸುತ್ತಿರುವನೆಂದು ಭಾವಿಸೋಣ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ದೊರೆಯುವುದೇ ಸಂವೇಗ; ಇಲ್ಲಿ ಅದು 686 ಮಾನಗಳು. 84 ಕಿಲೋಗ್ರಾಂ ತೂಕದ ರಕ್ಷಕನು ನಿಂತಲ್ಲಿಯೇ ಅವನನ್ನು ಅಪ್ಪಿದರೂ ಇಬ್ಬರೂ ಒಟ್ಟಾಗಿ ಸುಮಾರು 3.8 ಮೀಟರ್ ವೇಗದಲ್ಲಿ ಮುಂದಕ್ಕೇ ಸಾಗುವರು. ರಕ್ಷಕನು ಪಕ್ಕದಿಂದ ಬರಿಯ ತೋಳು ಚಾಚಿದರೆ? ಆ ತೋಳು 300 ನ್ಯೂಟನ್ ಬಲವನ್ನು 0.2 ಸೆಕೆಂಡು ಪ್ರಯೋಗಿಸಿತೆನ್ನೋಣ. ಅದು ಕಳೆಯಬಲ್ಲ ಸಂವೇಗ 60 ಮಾನ ಮಾತ್ರ. ಹತ್ತರಲ್ಲೊಂದು ಪಾಲೂ ಆಗಲಿಲ್ಲ! ಅದೇ ಬಲವನ್ನು ಬಿಡದೆ ಒಂದು ಸೆಕೆಂಡು ಪ್ರಯೋಗಿಸಿದರೆ 300 ಮಾನ ಕಳೆಯುವುದು. ಬಲದಷ್ಟೇ ಕಾಲವೂ ಮುಖ್ಯ. ಗುದ್ದು ಕ್ಷಣಮಾತ್ರದ್ದು, ಹಿಡಿತ ಬಾಳುವಂಥದು.

ಇದಕ್ಕಿಂತಲೂ ಸುಲಭವಾದ ಉಪಾಯ ಮತ್ತೊಂದಿದೆ. ರಕ್ಷಕನು ಬಾಗಿ, ಭುಜವನ್ನು ಓಟಗಾರನ ತೊಡೆಗೆ ಒತ್ತಿ, ಎರಡೂ ಕಾಲುಗಳನ್ನು ತೋಳುಗಳಿಂದ ಬಿಗಿದನೆನ್ನೋಣ. ಓಟವೆಂಬುದು ಮುಂದಕ್ಕೆ ಬೀಳುತ್ತಿರುವ ದೇಹಕ್ಕೆ ಹೆಜ್ಜೆಹೆಜ್ಜೆಗೂ ಕಾಲಿನ ಆಸರೆ ಕೊಡುವ ಕ್ರಿಯೆ. ಕಾಲು ಕಟ್ಟಿತೆಂದರೆ ಗುರುತ್ವಕೇಂದ್ರವು ಪಾದಗಳನ್ನು ಮೀರಿ ಮುಂದೆ ಹೋಗುವುದು. ಉಳಿದ ಕೆಲಸವನ್ನು ಭೂಮಿಯ ಆಕರ್ಷಣೆಯೇ ಮಾಡಿಮುಗಿಸುವುದು. ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿದವರಿಗೆ ಈ ತತ್ತ್ವ ಅನುಭವಸಿದ್ಧ.

‘ಗುದ್ದು’ ಎಂಬ ಸಲಹೆಯಲ್ಲಿ ಅಪಾಯವೂ ಅಡಗಿದೆ. ತಲೆ ಬಗ್ಗಿಸಿ ಶಿರಸ್ತ್ರಾಣದಿಂದ ಡಿಕ್ಕಿ ಹೊಡೆಯುವಾಗ ಕತ್ತಿನ ಸಹಜವಾದ ಬಾಗು ಮಾಯವಾಗಿ ಬೆನ್ನೆಲುಬಿನ ಮಣಿಗಳು ನೇರವಾದ ಕಂಬದಂತೆ ನಿಲ್ಲುತ್ತವೆ. ಬಾಗಿ ತಾಳಿಕೊಳ್ಳಬೇಕಾದ ಕತ್ತು ಆಗ ಪೂರ್ತಿ ಆಘಾತಕ್ಕೆ ಗುರಿಯಾಗುತ್ತದೆ. ಮಣಿ ಮುರಿದರೆ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪುವ ಸಂಭವವುಂಟು. 1976ರಲ್ಲಿ ಅಮೆರಿಕದ ಶಾಲಾ ಕಾಲೇಜುಗಳ ಆಟದಲ್ಲಿ ಇಂತಹ ಡಿಕ್ಕಿಯನ್ನು ನಿಷೇಧಿಸಲಾಯಿತು. ಮುಂದಿನ ವರ್ಷಗಳಲ್ಲಿ ಅಂತಹ ದುರಂತಗಳು ಕಡಿಮೆಯಾದವು. ವೃತ್ತಿಪರ ಲೀಗಿನಲ್ಲಿ ತಲೆ ತಗ್ಗಿಸಿ ಬಡಿಯುವುದಕ್ಕೆ 2018ರಲ್ಲಿ ದಂಡ ವಿಧಿಸಲಾಯಿತು. ಸೀಹಾಕ್ಸ್ ತಂಡದ ಅಂದಿನ ತರಬೇತುದಾರ ಪೀಟ್ ಕ್ಯಾರೊಲ್ ಅವರು 2014ರಲ್ಲಿ ರಗ್ಬಿ ಆಟದ ಮಾದರಿಯಲ್ಲಿ ಭುಜದಿಂದ ತಡೆದು ತೋಳಿನಿಂದ ಬಿಗಿಯುವ ವಿಧಾನವನ್ನು ಚಿತ್ರದ ಮೂಲಕ ಬೋಧಿಸಿದರು.

ಆಟಗಾರನ ಕತ್ತನ್ನು ಕಾಯುವ ವಿಧಾನವೇ ಓಟಗಾರನನ್ನು ಕೆಡಹುವ ವಿಧಾನವೂ ಆಗಿರುವುದು ಸಂತೋಷದ ಸಂಗತಿ. ಆದುದರಿಂದ ಟ್ಯಾಕಲ್ ತಪ್ಪಿದಾಗ ಅಭಿಮಾನಿಯು ಕೂಗುವುದೇ ಆದರೆ, ‘ಗುದ್ದು’ ಎನ್ನುವ ಬದಲು ‘ತಲೆ ಎತ್ತು, ಕಾಲು ಹಿಡಿ, ಬಿಡಬೇಡ’ ಎಂದು ಕೂಗಲಿ. ಅದಕ್ಕೆ ನ್ಯೂಟನ್ನನ ನಿಯಮಗಳ ಬೆಂಬಲವಿದೆ.