ಒಂದೇ ಮನೆ, ಎರಡು ಕಾಯಿಲೆ

ಕುಂದಾಪುರ ಕಡೆಯ ಒಂದು ಮನೆ ಅಂದುಕೊಳ್ಳಿ. ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ತಂಗಿಗೆ ಕಾಲಿನ ಬಲ ಕಡಿಮೆಯಾಗುತ್ತಿದೆ. "ಮನೆತನದ ಸೀಕ್, ಎಂತ ಮಾಡುದ್" ಅಂತಾರೆ ಅಜ್ಜಿ.

ಆದರೆ ಇವು ಎರಡು ಬೇರೆ ಜೀನ್‌ಗಳ, ಎರಡು ಬೇರೆ ಕಾಯಿಲೆಗಳೂ ಆಗಿರಬಹುದು. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಈ ಸಾಧ್ಯತೆ ಹೆಚ್ಚು.

ಅಪ್ಪ, ಅಮ್ಮ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಒಂದೇ ಜೀನ್‌ನ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಆ ಕಾಯಿಲೆಯ ಸಾಧ್ಯತೆ ಶೇ. 25. ಅಂಥವು ಎರಡಿದ್ದರೆ? ಒಂದಾದರೂ ಬರುವ ಸಾಧ್ಯತೆ 16ರಲ್ಲಿ 7, ಹತ್ತಿರ ಹತ್ತಿರ ಅರ್ಧ! ಒಂದನ್ನೇ ಪತ್ತೆಮಾಡಿ ನಿಲ್ಲಿಸಿದರೆ ಇನ್ನೊಂದು ಮುಂದಿನ ಮಗುವಿಗೆ ಕಾದಿರುತ್ತದೆ. ದಯವಿಟ್ಟು ಸೊಸೆಯನ್ನು ದೂರಬೇಡಿ. ಇಂಥ ಕಾಯಿಲೆಗೆ ದೋಷ ಎರಡೂ ಕಡೆಯಿಂದ ಬರಬೇಕು.

ಕಾಯಿಲೆ ವಂಶದ್ದೆಂದು ತಿಳಿಯುವುದು ಹೇಗೆ? ಘಟ್ಟದ ಮೇಲೆ, ಸಾಗರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಂಡ ಕೀಲಿನ ಕಾಯಿಲೆಗೆ ಮೊದಲು ಕೀಟನಾಶಕದ ಮೇಲೆ ಅನುಮಾನವಿತ್ತು. ಅದು ವಂಶದಲ್ಲಿ ಹರಿದುಬರುತ್ತದೆಂದು ತೋರಿಸಿದ್ದು ಮನೆಮನೆಯ ವಂಶಾವಳಿ.

ಈಗಲೂ ಮೊದಲ ಹೆಜ್ಜೆ ಅದೇ. ನಮಗೆ ಹತ್ತಿರದ ಮಣಿಪಾಲದ ಕೆಎಂಸಿಯಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಮೂರು ತಲೆಮಾರಿನ ವಿವರ ಕೇಳುತ್ತಾರೆ. ಸಾಮಾನ್ಯವಾಗಿ ಕಾಯಿಲೆ ಇರುವವರ ರಕ್ತವೇ ಮೊದಲು ಬೇಕು. ಎಕ್ಸೋಮ್ ಪರೀಕ್ಷೆ ಸುಮಾರು 20,000 ಜೀನ್‌ಗಳನ್ನು ಒಟ್ಟಿಗೇ ಓದುತ್ತದೆ, ಆದರೂ ಪ್ರತಿ ಸಲ ಉತ್ತರ ಸಿಗುವುದಿಲ್ಲ.

ಹಳೆಯ ರಿಪೋರ್ಟ್‌ಗಳೆಲ್ಲ ಒಂದು ಫೈಲಿಗೆ ಹಾಕಿ, ತೀರಿಹೋದ ಮಗುವಿದ್ದರೆ ಅದರದ್ದೂ ಸೇರಿಸಿ. ಗಂಡ ಹೆಂಡತಿ ಇಬ್ಬರೂ ಹೋಗಿ, ಮುಂದಿನ ಬಸಿರಿಗೆ ಮೊದಲೇ ಹೋಗಿ.