ಹಕ್ಕಳೆ ಉದುರುವ ದಿನ

ಸಿರುಗುಪ್ಪದ ಹತ್ತಿರ ಕಾಲುವೆ ಏರಿಯ ಮೇಲೆ ಕೂತಿದ್ದ ಹೆಂಗಸೊಬ್ಬರು ಎಡಗೈ ಕಿರುಬೆರಳು ಚಾಚಿದರು. ಭತ್ತದ ಕಟಾವು ಮಷಿನ್ ತಿರುಗಲು ಜಾಗವಾಗಲೆಂದು ಗದ್ದೆಯ ಮೂಲೆ ಕೈಯಲ್ಲೇ ಕೊಯ್ಯುವಾಗ ಕುಡುಗೋಲು ತಾಗಿ ಎಂಟು ದಿನವಾಗಿತ್ತು. ಕಂದು ಹಕ್ಕಳೆಯ ಒಂದು ಅಂಚು ಎದ್ದಿದೆ. ಅದರಡಿ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ, ನಸುಗೆಂಪು ಚರ್ಮ.

“ಹಕ್ಕಳಿ ತಾನಾಗೇ ಉದುರಬೇಕ್ರಿ. ಕಿತ್ತಿದ್ರ ಮತ್ತ ಮೊದಲಿಂದ ಲೆಕ್ಕ.”

ಈ ಮಾತು ಕೇಳಿ ನನಗೆ ರೋಮಾಂಚನ. ಇಲಿಯ ಬೆನ್ನಿನ ಮೇಲೆ ಔಷಧಿ ಪರೀಕ್ಷಿಸುವ ಪ್ರಯೋಗಾಲಯಗಳೂ ಎಣಿಸುವುದು ಇದನ್ನೇ: ಹಸಿಗಾಯ ಉಳಿಯದಂತೆ ಹಕ್ಕಳೆ ಕಳಚಲು ಎಷ್ಟು ದಿನ?

ಅಂಚಿನ ಚರ್ಮಕೋಶಗಳು ದಿನಕ್ಕೆ ಒಂದು ಮಿಲಿಮೀಟರ್‌ಗೂ ಕಡಿಮೆ ತೆವಳುತ್ತವೆ. ಹೊಲಿಗೆ ಹಾಕಿದ ಸೀಳುಗಾಯಕ್ಕೆ ಒಂದೆರಡು ದಿನದಲ್ಲೇ ಮೇಲ್ಪೊರೆ ಬಂದೀತು. ಕಸಿಗೆಂದು ತೊಡೆಯ ಚರ್ಮ ತೆಳ್ಳಗೆ ಹೆರೆದ ಜಾಗ ಎರಡು ವಾರದೊಳಗೆ ಮುಚ್ಚುತ್ತದೆ. ಅಲ್ಲಿ ರೋಮದ ಬುಡದಿಂದಲೂ ಕೋಶಗಳು ಹೊರಡುತ್ತವಲ್ಲ! ಮೂರು ವಾರವಾದರೂ ಮಾಯದ ಸುಟ್ಟಗಾಯ ಕಲೆ ಉಳಿಸುವುದೇ ಹೆಚ್ಚು.

ಏನು ಹಚ್ಚಿದ್ರಿ ಎಂದೆ. ಕಾಲಬುಡದ ಗಿಡವನ್ನೇ ಕಿತ್ತು ಕೊಟ್ಟರು. ಹಳದಿ ನಡುವಿಗೆ ಐದು ಬಿಳಿ ಎಸಳು, ಒರಟು ಎಲೆ: ಗಬ್ಬು ಸಣ್ಣ ಶಾವಂತಿ. ಇಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗರಿಗೆ ಗಡ್ಡಿ ಚಾಮಂತಿ. ಚಿಕ್ಕಂದಿನಲ್ಲಿ ನನ್ನ ಮೊಣಕಾಲಿಗೂ ಇದರ ರಸವೇ ಬಿದ್ದದ್ದು, ಹಾಗಾಗಿ ನಾನು ನಿಷ್ಪಕ್ಷಪಾತಿಯಲ್ಲ. ‘ಋಷಿಮುನಿಗಳ ಕಾಲದ ಮದ್ದು’ ಅನ್ನುವವರಿಗೆ ಒಂದು ಮಾತು: ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ನಮ್ಮ ಬದುಗಳಿಗೆ ಅದು ತಡವಾಗಿ ಬಂದ ನೆಂಟ. ಆದರೂ ಮಣಿಪಾಲದ ಸಂಶೋಧಕರು ಅದನ್ನು ಇಲಿಗಳ ಮೇಲೆ ಪರೀಕ್ಷಿಸಿ, ಕೊಲಾಜನ್ ಎಳೆಗಳನ್ನು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವ ಚುರುಕಾಗುತ್ತದೆಂದು 1991ರಲ್ಲಿ ಬರೆದರು.

ನನ್ನ ತಕರಾರು ಇಲಿಯ ಮೇಲೆ. ಅದರ ಚರ್ಮ ಸಡಿಲ, ಅಡಿಯಲ್ಲೊಂದು ಸ್ನಾಯುಪದರ ಬೇರೆ; ಗಾಯ ಚೀಲದ ಬಾಯಿಯಂತೆ ಬಿಗಿದುಕೊಳ್ಳುತ್ತದೆ. ನಮ್ಮದು ಹೆಚ್ಚಾಗಿ ತೆವಳಿಯೇ ಮುಚ್ಚಬೇಕು. ಈ ವಿಷಯದಲ್ಲಿ ಹಂದಿಯೇ ನಮಗೆ ಹತ್ತಿರದ ಸಂಬಂಧಿ. 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಮರಿಗಳ ಗಾಯಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒದ್ದೆಯಾಗಿಟ್ಟಾಗ, ಗಾಳಿಗೆ ಒಣಗಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬೇಗ ಪೊರೆ ಹಬ್ಬಿತು. ಗಟ್ಟಿ ಹಕ್ಕಳೆಯಿದ್ದರೆ ಕೋಶಗಳು ಅದರ ಕೆಳಗೆ ನುಸುಳಿ ಸುತ್ತುದಾರಿ ಹಿಡಿಯಬೇಕು. ಹಾಗಾದರೆ ಕಿರುಬೆರಳಿನ ಪುಣ್ಯ ಸೊಪ್ಪಿನದೋ, ರಸದ ಮೇಲೆ ಕಟ್ಟಿದ ಬಟ್ಟೆಯದೋ? ಕೆಸರುಗದ್ದೆಯ ಒದ್ದೆಯಂತೂ ಈ ಲೆಕ್ಕಕ್ಕೆ ಸೇರದು. ಅದರಲ್ಲಿ ನಿಂತ ಗಾಯಕ್ಕೆ ಕೀವಾಗುವುದೇ ಹೆಚ್ಚು.

ಇದೇ ಪ್ರಶ್ನೆ ಹಿಡಿದು ಹೊರಟಾಗ ಕುರುಗೋಡಿನಲ್ಲಿ ಅಂಜೂರದ ಗಿಡದ ಹಾಲು ತಾಗಿ ಬೆರಳ ಸಂದಿ ಸುಲಿದವರೊಬ್ಬರು ಸಿಕ್ಕರು. ಅವರ ಮದ್ದು ಕೊಬ್ಬರಿ ಎಣ್ಣೆ, ಅಷ್ಟೇ. ಬಳ್ಳಾರಿಯಲ್ಲಿ ವೈದ್ಯರೊಬ್ಬರು ಸಕ್ಕರೆ ಕಾಯಿಲೆಯ ಅಂಗಾಲು ಹುಣ್ಣಿನ ಮಾತೆತ್ತಿದರು: “ಅಲ್ಲಿ ದಿನ ಎಣಿಸಂಗಿಲ್ಲ, ತಿಂಗಳು. ಸ್ಪರ್ಶ ಇಲ್ದವರು ಗದ್ದೆಗೆ ಇಳದ್ರೆ ಗಾಯ ಆಗಿದ್ದೇ ಗೊತ್ತಾಗಲ್ಲ.” ಮೇಲ್ಪೊರೆ ಬಂದ ಮಾತ್ರಕ್ಕೆ ಗಾಯ ಗಟ್ಟಿಯಾಯಿತು ಅನ್ನಬೇಡಿ ಎಂದೂ ಸೇರಿಸಿದರು. ಆಳದ ಗಾಯ ತಿಂಗಳುಗಟ್ಟಲೆ ಕಳೆದರೂ ಮೊದಲಿನ ಬಲದ ಶೇ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮೂರು ದಿನ ಬಿಟ್ಟು ಮತ್ತೆ ಸಿರುಗುಪ್ಪಕ್ಕೆ ಹೋದೆ, ಟಿಪ್ಪಣಿ ಪುಸ್ತಕ ಸಮೇತ. ಕಿರುಬೆರಳು ನುಣ್ಣಗಿತ್ತು. ಯಾವತ್ತು ಉದುರಿತು ಅಂದೆ.

“ಅನ್ನ ಕಲಸುವಾಗ ನೋಡ್ದೆ, ಇರಲಿಲ್ರಿ.”