ನಮ್ಮೂರ ಪ್ರಕೃತಿ ವಿಸ್ಮಯ: ಗಡಾಯಿಕಲ್ಲು ಹುಟ್ಟಿದ್ದು ಹೇಗೆ?

ಪ್ರಪಂಚದ ಪ್ರಕೃತಿ ವಿಸ್ಮಯಗಳು ಯಾವುವು ಎಂದು ಕೇಳಿದರೆ ನಾವು ತಟ್ಟನೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್, ನಯಾಗರ ಜಲಪಾತ, ಆಸ್ಟ್ರೇಲಿಯಾದ ಉಲೂರು ಬಂಡೆ ಎಂದು ಪಟ್ಟಿ ಕೊಡುತ್ತೇವೆ. ಮೊಬೈಲಿನಲ್ಲಿ ಅವುಗಳ ಚಿತ್ರ ನೋಡಿ ಬೆರಗಾಗುತ್ತೇವೆ. ಆದರೆ ಬೆಳ್ತಂಗಡಿ ಕಡೆಗೆ ಹೋದಾಗ ಗದ್ದೆ, ಅಡಿಕೆ ತೋಟ, ರಬ್ಬರ್ ಗುಡ್ಡಗಳ ಆಚೆ ಒಂಟಿಯಾಗಿ ನಿಂತಿರುವ ಆ ಭಾರಿ ಬಂಡೆಯನ್ನು ನೋಡಿ, ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಅದೇ ಗಡಾಯಿಕಲ್ಲು. ನರಸಿಂಹ ಗಡ, ಜಮಾಲಾಬಾದ್ ಎಂದೂ ಅದಕ್ಕೆ ಹೆಸರುಂಟು. ಸಮುದ್ರಮಟ್ಟದಿಂದ 1,700 ಅಡಿಗೂ ಮಿಗಿಲಾದ ಎತ್ತರ. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ಮೇಲೆ ಕೋಟೆ ಕಟ್ಟಿಸಿ ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಒಂದು ಕಡಿದಾದ ದಾರಿ ಬಿಟ್ಟರೆ ಮೇಲೇರಲು ಬೇರೆ ಉಪಾಯವಿಲ್ಲ. ಕೋಟೆಯ ಇತಿಹಾಸ ಇನ್ನೂರು ಚಿಲ್ಲರೆ ವರ್ಷದ್ದು. ಬಂಡೆಯ ಇತಿಹಾಸ ಅದಕ್ಕಿಂತ ಕೋಟಿಗಟ್ಟಲೆ ವರ್ಷ ಹಿಂದಿನದು.

ನೆಲದೊಳಗೆ ಹುಟ್ಟಿದ ಕಲ್ಲು

ಬಂಡೆ ನೆಲ ಸೀಳಿಕೊಂಡು ಮೇಲೆದ್ದು ಬಂದಿದೆ ಎಂದು ನೋಡಿದವರಿಗೆ ಅನಿಸುವುದು ಸಹಜ. ನಡೆದದ್ದು ಹೆಚ್ಚುಕಡಿಮೆ ಇದರ ತಿರುಗುಮುರುಗು. ಗಡಾಯಿಕಲ್ಲು ಗ್ರಾನೈಟ್ ಜಾತಿಯ ಕಲ್ಲು. ಇಂಥ ಕಲ್ಲು ಹುಟ್ಟುವುದು ಭೂಮಿಯ ಒಳಗೆ. ಕರಗಿದ ಶಿಲಾರಸ ಹಳೆಯ ಶಿಲೆಗಳ ನಡುವೆ ನುಗ್ಗಿ, ಹೊರಗೆ ಬರಲಾಗದೆ ಅಲ್ಲೇ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಅಂದರೆ, ನಾವು ಇಂದು ತಲೆಯೆತ್ತಿ ನೋಡುವ ಈ ಬಂಡೆ ಒಂದು ಕಾಲದಲ್ಲಿ ನೆಲದಡಿ ಹೂತುಹೋಗಿತ್ತು. ಅದರ ಮೇಲೂ ಸುತ್ತಲೂ ಬೇರೆ ಶಿಲೆಗಳಿದ್ದವು. ಆ ಶಿಲೆಗಳು ಎಲ್ಲಿಗೆ ಹೋದವು?

ಘಟ್ಟ ಮತ್ತು ಮಳೆ

ಉತ್ತರಕ್ಕಾಗಿ ಒಮ್ಮೆ ಮಲ್ಪೆಗೆ ಹೋಗಬೇಕು. ಅಲ್ಲಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರು ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳನ್ನು ನೋಡಿರುತ್ತಾರೆ. ಇವು ಮನುಷ್ಯರು ಕಡಿದವಲ್ಲ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗುವಾಗ ಬಿರುಕು ಬಿಟ್ಟು ಚೂರು ಚೂರಾಗುವುದಿಲ್ಲವೇ? ಹಾಗೆಯೇ ನೆಲದ ಮೇಲೆ ಹರಿದ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟಿತು. ಬಿರುಕು ಆಳಕ್ಕೆ ಇಳಿದಂತೆ ಕಂಬಗಳಾದವು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಪ್ರಸಿದ್ಧ ಕಂಬಗಳೂ ಇದೇ ರೀತಿ ಆದವು. ಮಲ್ಪೆಯ ಈ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಆ ಲಾವಾ ಹರಿದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ. ಹೀಗೆ ಭೂಖಂಡ ಒಡೆದಾಗ ಎತ್ತರದಲ್ಲಿ ಉಳಿದ ಅಂಚೇ ಪಶ್ಚಿಮ ಘಟ್ಟದ ಮೂಲ ಎನ್ನುತ್ತಾರೆ ಭೂವಿಜ್ಞಾನಿಗಳು. ಇಂದು ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಈ ಘಟ್ಟಕ್ಕೆ ತಡೆದು ನಮ್ಮ ಮೇಲೆ ಸುರಿಯುತ್ತವೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಕಲ್ಲು ಕರಗಿಸುವ ಕೆಲಸ ಈ ನೀರಿನದು.

ನೀರು ಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿನೊಡನೆ ಸೇರಿ ಮೆಲ್ಲನೆ ಜೇಡಿಮಣ್ಣಾಗುತ್ತದೆ. ಬಿರುಕು ಹೆಚ್ಚಿದ್ದ ಕಡೆ ಕಲ್ಲು ಬೇಗ ಸಡಿಲಾಗಿ ಹೊಳೆ ಸೇರಿತು. ಬಿರುಕು ಕಡಿಮೆಯಿದ್ದ ಗಟ್ಟಿ ಭಾಗ ಉಳಿಯಿತು. ಸುತ್ತಲಿನ ನೆಲ ತಗ್ಗಿದಂತೆಲ್ಲ ಈ ಬಂಡೆ ಎತ್ತರವಾಗಿ ಕಾಣತೊಡಗಿತು. ಗಡಾಯಿಕಲ್ಲು ಬೆಳೆದು ನಿಂತದ್ದಲ್ಲ, ಉಳಿದು ನಿಂತದ್ದು.

ಉಲೂರು ಬಂಡೆಯ ಕಥೆಯೂ ಇದೇ. ಅದು ಮರಳುಗಲ್ಲು, ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರ. ಅಲ್ಲಿಯೂ ಸುತ್ತಲಿನದು ಸವೆದು ಹೋಗಿ ಗಟ್ಟಿಯದು ಉಳಿಯಿತು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿ 446 ಕಿಲೋಮೀಟರ್ ಉದ್ದಕ್ಕೆ, ಕೆಲವೆಡೆ 1.6 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ನೆಲವನ್ನು ಕೊರೆದಿದೆ. ಅಲ್ಲಿ ನಾವು ನೋಡುವುದು ಹೋದ ಕಲ್ಲಿನ ಜಾಗವನ್ನು. ಗಡಾಯಿಕಲ್ಲಿನಲ್ಲಿ ನೋಡುವುದು ಉಳಿದ ಕಲ್ಲನ್ನು.

ಗಟ್ಟಿ ಕಲ್ಲು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂದು ತಿಳಿಯಲು ವೇಣೂರಿಗೆ ಹೋದರೆ ಸಾಕು. 1604ರಲ್ಲಿ ಅಜಿಲ ಅರಸ ತಿಮ್ಮಣ್ಣಾಜಿಲರು ಫಲ್ಗುಣಿ ದಡದಲ್ಲಿ ನಿಲ್ಲಿಸಿದ ಏಕಶಿಲೆಯ ಗೋಮಟೇಶ್ವರ ಮೂರ್ತಿ ನಾನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಬಯಲಿನಲ್ಲೇ ಕಂಡಿದೆ. ಮುಖಭಾವ ಇಂದಿಗೂ ಸ್ಪಷ್ಟವಾಗಿದೆ. ಇಂಥ ಕಲ್ಲಿನ ಗುಡ್ಡಗಳನ್ನೇ ಸವೆಸಲು ಎಷ್ಟು ಕಾಲ ಬೇಕಾದೀತು, ಲೆಕ್ಕ ಹಾಕಿ.

ನಮ್ಮ ಮನೆಯ ಗೋಡೆಯಲ್ಲಿ

ಸವೆದ ಕಲ್ಲೆಲ್ಲ ಸಮುದ್ರ ಸೇರಲಿಲ್ಲ. ಒಂದಷ್ಟು ಇಲ್ಲೇ ಉಳಿಯಿತು. ಮಳೆನೀರು ಕರಗುವ ಅಂಶಗಳನ್ನು ತೊಳೆದೊಯ್ದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ನೆಲದಲ್ಲಿ ಉಳಿದು ಕೆಂಪಾದ, ತೂತು ತೂತಾದ ಕಲ್ಲಾಯಿತು. ಅದೇ ನಮ್ಮ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಹೆಸರು ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಗಡಾಯಿಕಲ್ಲನ್ನು ಒಂಟಿಯಾಗಿ ನಿಲ್ಲಿಸಿದ ಮಳೆಯೇ ನಮ್ಮ ಮನೆಯ ಗೋಡೆಗೆ ಕಲ್ಲನ್ನೂ ಕೊಟ್ಟಿತು.

ಕೆಲಸ ಇನ್ನೂ ಮುಗಿದಿಲ್ಲ

ಈ ಸವೆತ ಕೋಟಿ ವರ್ಷಗಳ ಹಿಂದೆಯೇ ಮುಗಿದುಹೋದ ಕಥೆ ಎಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಭಾಗದಲ್ಲಿ ಗುಡ್ಡಗಳು ಕುಸಿದವು. ಮೃತ್ಯುಂಜಯ, ನೇತ್ರಾವತಿ ಹೊಳೆಗಳು ಉಕ್ಕಿ ತೋಟಗಳ ಮೇಲೆ ಮರಳು, ಕಲ್ಲು, ಮರದ ದಿಮ್ಮಿಗಳನ್ನು ತಂದು ಹಾಕಿದವು. ನಮ್ಮ ತಾಲೂಕಿನ ಹಲವು ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬರಬೇಕಾಯಿತು. ಗಟ್ಟಿ ಪಾದೆಯ ಮೇಲೆ ಸಡಿಲ ಮಣ್ಣು ಕುಳಿತಿರುತ್ತದೆ. ಆ ಮಣ್ಣು ನೀರು ಕುಡಿದು ಭಾರವಾದಾಗ ಜಾರುತ್ತದೆ. ಘಟ್ಟವನ್ನು ರೂಪಿಸಿದ ಕೆಲಸದ್ದೇ ಒಂದು ದಿನದ ಭಾಗ ಅದು.

ಮಳೆಯನ್ನು ನಾವು ತಡೆಯಲಾರೆವು. ಆದರೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಮನೆಯೋ ರಸ್ತೆಯೋ ಮಾಡುವಾಗ, ನೀರು ಹರಿಯುವ ತೋಡನ್ನು ಮುಚ್ಚುವಾಗ, ಇಳಿಜಾರಿನ ಮರಗಳನ್ನು ತೆಗೆಯುವಾಗ ನಾವು ಆ ಜಾರುವಿಕೆಗೆ ಸಹಾಯ ಮಾಡುತ್ತೇವೆ. ಮನೆಯ ಹಿಂದಿನ ಗುಡ್ಡದಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಬಂದರೆ ಹಿರಿಯರಿಗೆ ತಿಳಿಸಿ, ಅಲ್ಲಿಂದ ದೂರ ಸರಿಯಬೇಕು. ಭೂವಿಜ್ಞಾನ ಓದುವುದು ಪರೀಕ್ಷೆಗೆ ಮಾತ್ರವಲ್ಲ, ಇದಕ್ಕೂ ಹೌದು.

ಮುಂದಿನ ಸಲ ಗಡಾಯಿಕಲ್ಲು ಹತ್ತಿದಾಗ ಸೆಲ್ಫಿ ತೆಗೆಯುವ ಮೊದಲು ಒಂದು ನಿಮಿಷ ಸುತ್ತ ನೋಡಿ. ನಿಮ್ಮ ಕಾಲಿನ ಮಟ್ಟದವರೆಗೂ, ಅದಕ್ಕಿಂತ ಮೇಲೂ ಒಮ್ಮೆ ಎಲ್ಲೆಡೆ ಕಲ್ಲಿತ್ತು. ಈಗ ಅಲ್ಲಿರುವುದು ಗಾಳಿ. ಕೆಳಗೆ ಕಾಣುವ ಗದ್ದೆ, ತೋಟ, ಊರುಗಳೆಲ್ಲ ಇರುವುದು ಮಳೆ ಬಿಡಿಸಿಕೊಟ್ಟ ಆ ಜಾಗದಲ್ಲಿ.